ಹೆಗ್ಗೋಡಿನ ತೆರೆ, ಕೊಣನೂರಿನ ಪ್ರೇಕ್ಷಕ



ಕಾವೇರಿಯ ದಂಡೆಯ ಮೇಲಿರುವ ಈ ಕೊಣನೂರಿನಲ್ಲಿ ನಿಂತು ಸಂಗೀತವನ್ನು ಕುರಿತು ಮಾತನಾಡುವುದು ಸುಲಭ, ಏಕೆಂದರೆ ರುದ್ರಪಟ್ಟಣವು ನಮ್ಮ ನೆರೆಯಲ್ಲಿಯೇ ಇದೆ. ಸಾಹಿತ್ಯವನ್ನು ಕುರಿತು ಮಾತನಾಡುವುದೂ ಕಷ್ಟವಲ್ಲ, ಗೊರೂರೂ ಸಂತೇಶಿವರವೂ ನಮ್ಮ ಹಾಸನ ಜಿಲ್ಲೆಯವೇ ಆಗಿವೆ. ವಿಷಯದ ಆಯ್ಕೆಯನ್ನು ತಾವು ನನಗೇ ಬಿಟ್ಟುಕೊಟ್ಟುದರಿಂದ ಆ ಎರಡು ಹೆದ್ದಾರಿಗಳನ್ನೂ ಬಿಟ್ಟು, ಈ ಸೀಮೆಯಲ್ಲಿ ಯಾರೂ ಸಭೆಗಟ್ಟಿ ಚರ್ಚಿಸದ ಒಂದು ಸಂಗತಿಯನ್ನು, ಎಂದರೆ ಮಾರುಕಟ್ಟೆಯ ಆಶ್ರಯವನ್ನು ಬೇಡದೆ ಹುಟ್ಟತಕ್ಕ ಚಲಚ್ಚಿತ್ರಗಳು ತಮ್ಮ ಪ್ರೇಕ್ಷಕನನ್ನು ಹೇಗೆ ತಲಪುತ್ತವೆ, ಆ ಕಾರ್ಯದಲ್ಲಿ ಒಂದು ಊರಿನ ಕಲಾಕೇಂದ್ರವು ಏನನ್ನು ಮಾಡಬಲ್ಲದು ಎಂಬುದನ್ನು ಆರಿಸಿಕೊಂಡಿದ್ದೇನೆ. ಇದರಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದುದೇನು ಎಂದು ಕೇಳುವವರಿರಬಹುದು. ಸಂಬಂಧ ಬಹಳವಾಗಿಯೇ ಇದೆ, ಅಲ್ಲಿಂದಲೇ ಆರಂಭಿಸುತ್ತೇನೆ.

ಕನ್ನಡದಲ್ಲಿ ಹೊಸ ಅಲೆಯೆಂದು ಹೆಸರಾದ ಚಿತ್ರಪರಂಪರೆಗೆ ಕಥಾದ್ರವ್ಯವನ್ನು ಒದಗಿಸಿದ ಜಿಲ್ಲೆಗಳಲ್ಲಿ ಹಾಸನದ ಪಾಲು ಅಲ್ಪವಾದುದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ 1971ರಲ್ಲಿ ಚಿತ್ರವಾಗಿಸಿದರು, ಅದೇ ಇಬ್ಬರು 'ತಬ್ಬಲಿಯು ನೀನಾದೆ ಮಗನೆ'ಯನ್ನು 1977ರಲ್ಲಿ ತೆರೆಗೆ ತಂದರು, ಟಿ. ಎನ್. ಸೀತಾರಾಮ್ ಅವರ 'ಮತದಾನ'ವೂ, 2006ರಲ್ಲಿ ಬಂದ ಗಿರೀಶ ಕಾಸರವಳ್ಳಿಯವರ 'ನಾಯಿ ನೆರಳು' ಚಿತ್ರವೂ ಅದೇ ಲೇಖನಿಯ ಕಾದಂಬರಿಗಳಿಂದ ಮೂಡಿದುವು. ಇತ್ತ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯೊಂದನ್ನು ಆಧಾರವಾಗಿಟ್ಟುಕೊಂಡು ಸಿದ್ದಲಿಂಗಯ್ಯನವರು 1974ರಲ್ಲಿ ತೆಗೆದ 'ಭೂತಯ್ಯನ ಮಗ ಅಯ್ಯು' ಚಿತ್ರವನ್ನು ಬಲ್ಲದ ಮನೆ ಈ ಹೋಬಳಿಯಲ್ಲಿ ಇರಲಾರದು. ಅದು ಪೇಟೆಯ ಚಿತ್ರಮಂದಿರಗಳಲ್ಲಿಯೂ, ಹಳ್ಳಿಯ ಟೆಂಟುಗಳಲ್ಲಿಯೂ, ಅನಂತರ ದೂರದರ್ಶನದಲ್ಲಿಯೂ ಮತ್ತೆ ಮತ್ತೆ ಓಡಿ, ಗೊರೂರರ ಹೆಸರನ್ನೇ ಕೇಳದವರ ಬಾಯಲ್ಲಿಯೂ ನಿಂತಿತು. ಆದರೆ ಮೊದಲು ಹೆಸರಿಸಿದ ನಾಲ್ಕರ ಗತಿಯೇನಾಯಿತು? 'ಮತದಾನ', 'ನಾಯಿ ನೆರಳು' ಇವುಗಳನ್ನು ದೊಡ್ಡ ತೆರೆಯ ಮೇಲೆ ಕಂಡವರು ಕೈಯೆತ್ತಿರೆಂದು ಸಭೆಯನ್ನು ಕೇಳುವ ಅಪ್ರಿಯ ಕಾರ್ಯಕ್ಕೆ ನಾನು ತೊಡಗುವುದಿಲ್ಲ. ಕಥೆಗಳನ್ನು ಕೊಟ್ಟ ನಾಡು ತನ್ನ ಕಥೆಗಳ ಚಿತ್ರರೂಪವನ್ನು ಕಾಣದೆ ಉಳಿಯಿತೆಂಬುದು ಮಾತ್ರ ನಿಜ.

ಈ ಲೋಪವನ್ನು ಜನರ ಅಭಿರುಚಿಯ ಮೇಲೆ ಹೊರಿಸುವುದು ವಿದ್ಯಾವಂತರ ಹಳೆಯ ಚಾಳಿ. ನಮ್ಮ ಜನಕ್ಕೆ ಹೊಡೆದಾಟ ಬೇಕು, ಕುಣಿತ ಬೇಕು, 'ಅವಾರ್ಡ್ ಸಿನಿಮಾ' ಎಂದರೆ ಆಕಳಿಸುತ್ತಾರೆ ಎಂದು ಹೇಳಿ ಕೈತೊಳೆದುಕೊಳ್ಳುವವರು, ಆ ಚಿತ್ರ ಆ ಜನರ ಎದುರಿಗೆ ಎಂದಾದರೂ ಬಂದಿದ್ದಿತೆ ಎಂಬ ಮೊದಲ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ. ಚಿತ್ರೋದ್ಯಮವು ಮೈಸೂರು, ಮಂಡ್ಯ, ಹಾಸನಗಳನ್ನು ಹಂಚಿಕೆಯ ಒಂದೇ ಸೀಮೆಯಾಗಿ ಎಣಿಸುತ್ತದೆ. ಆ ಸೀಮೆಯ ಹಕ್ಕನ್ನು ಕೊಳ್ಳತಕ್ಕ ಹಂಚಿಕೆದಾರನು ತಾರೆಯ ಹೆಸರನ್ನೂ ಹಾಡುಗಳ ಪ್ರಚಾರವನ್ನೂ ತೂಗಿನೋಡಿ ಮುಂಗಡ ಕೊಡುತ್ತಾನೆಯೇ ಹೊರತು, ಒಬ್ಬ ಮುದುಕಿಯ ಮೌನವನ್ನು ಎರಡು ಗಂಟೆ ತೋರಿಸುವ ಚಿತ್ರಕ್ಕೆ ಕೊಡುವುದಿಲ್ಲ. ಕೊಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ, ಅವನದು ವ್ಯಾಪಾರ. ಹೀಗಾಗಿ ಅಂಥ ಚಿತ್ರವು ಬೆಂಗಳೂರಿನ ಯಾವುದೋ ಚಿತ್ರಮಂದಿರದಲ್ಲಿ ಕೆಲವು ದಿನ ಬೆಳಗಿನ ಆಟವಾಗಿ ಕಾಣಿಸಿಕೊಂಡು, ಪ್ರಶಸ್ತಿಯ ಸುದ್ದಿಯಾಗಿ ಪತ್ರಿಕೆಯ ಒಳಪುಟಕ್ಕೆ ಬಂದು, ಡಬ್ಬಿಯೊಳಕ್ಕೆ ಹಿಂದಿರುಗುತ್ತದೆ. 'ಸಂಸ್ಕಾರ' ಚಿತ್ರದ ಚರಿತ್ರೆಯು ಇದಕ್ಕಿಂತಲೂ ವಿಚಿತ್ರವಾದುದು: ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಚಿತ್ರಿಸಿದ ಆ ಕೃತಿಯನ್ನು ಮದರಾಸಿನ ಪರಿಶೀಲನ ಮಂಡಳಿಯು ಮೊದಲು ತಡೆಹಿಡಿಯಿತು, ತಡೆ ತೆರವಾದ ಮೇಲೆ 1970ರ ಶ್ರೇಷ್ಠ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವು ಅದಕ್ಕೇ ಸಂದಿತು. ಪದಕ ಬಂದುದೇನೋ ಸರಿ. ಪದಕವು ಪ್ರೇಕ್ಷಕನನ್ನು ಕರೆತರುವುದಿಲ್ಲ.

ಹಾಗಾದರೆ ಕರೆತರುವವರು ಯಾರು? ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ಒಂದು ಊರು ಉತ್ತರ ಕೊಟ್ಟಿದೆ, ಮತ್ತು ಆ ಊರು ಕೊಣನೂರಿಗಿಂತ ಚಿಕ್ಕದು.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ಕೆಲವೇ ಮೈಲಿ ಒಳಗೆ, ಅಡಕೆತೋಟಗಳ ನಡುವೆ ಇರತಕ್ಕ ಹೆಗ್ಗೋಡಿನಲ್ಲಿ 1949ರಲ್ಲಿ ಆ ಊರಿನ ತರುಣರು ಕೂಡಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೆಂಬ ಹವ್ಯಾಸಿ ಮಂಡಲಿಯನ್ನು ಕಟ್ಟಿಕೊಂಡರು. ಅದರ ಮೊದಲಕ್ಷರಗಳು ಕೂಡಿ ಆದ 'ನೀನಾಸಮ್' ಎಂಬ ಹೆಸರೇ ಇಂದು ಲೋಕಪ್ರಸಿದ್ಧವಾಗಿದೆ. ಆ ಕಾಲದಲ್ಲಿ ಇಂಥ ಮಂಡಲಿಗಳು ಹಳೆಯ ಮೈಸೂರು ಸೀಮೆಯಲ್ಲಿ ಊರಿಗೊಂದರಂತೆ ಇದ್ದುವು, ನಮ್ಮ ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದ ಬಣ್ಣ ಹಚ್ಚದ ಮನೆತನ ಯಾವುದು? ಅವುಗಳಲ್ಲಿ ಬಹುಪಾಲು ಸುಗ್ಗಿಯ ಹುರುಪಿನಲ್ಲಿ ಹುಟ್ಟಿ ಮುಂದಿನ ಮಳೆಗಾಲಕ್ಕೆ ಅಳಿದುವು; ಹೆಗ್ಗೋಡಿನದು ಅಳಿಯಲಿಲ್ಲ. ಮೈಸೂರಿನಲ್ಲಿ ಓದಿ, ಉದ್ಯೋಗವನ್ನರಸಿ ಪೇಟೆಗೆ ಹೋಗದೆ, ತಮ್ಮ ತೋಟಕ್ಕೇ ಹಿಂದಿರುಗಿದ ಕೆ. ವಿ. ಸುಬ್ಬಣ್ಣನವರು (1932–2005) ಅದರ ಬೆನ್ನಿಗೆ ನಿಂತುದು ಇದಕ್ಕೆ ಮುಖ್ಯ ಕಾರಣ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವು ಅಲ್ಲಿ ಎದ್ದಿತು. ಮರುವರ್ಷ, ಎಂದರೆ 1973ರಲ್ಲಿ, ಸಂಘದ ಅಂಗವಾಗಿ 'ನೀನಾಸಮ್ ಚಿತ್ರಸಮಾಜ' ಹುಟ್ಟಿತು. ಈ ಎರಡು ವರ್ಷಗಳ ಅನುಕ್ರಮವನ್ನು ತಾವು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ: ಚಿತ್ರವು ಅಲ್ಲಿಗೆ ಅನಾಥವಾಗಿ ಬಂದುದಲ್ಲ, ಕಾಲು ಶತಮಾನ ಕಾಲ ಒಟ್ಟಿಗೆ ಕುಳಿತು ನಾಟಕ ನೋಡಿ, ನಾಟಕ ಆಡಿ, ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಹಳಿದೋ ಹೊಗಳಿಯೋ ಪಳಗಿದ ಒಂದು ಸಮುದಾಯದ ನಡುವೆ, ಅದಕ್ಕಾಗಿಯೇ ಸಿದ್ಧವಾಗಿದ್ದ ಸೂರಿನ ಕೆಳಗೆ ಬಂದು ಇಳಿಯಿತು.

ಚಿತ್ರಸಮಾಜಗಳು ಆ ವೇಳೆಗೆ ದೇಶಕ್ಕೆ ಹೊಸತಲ್ಲ. ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲಕತ್ತೆಯಲ್ಲಿ ಒಂದನ್ನು 1947ರಲ್ಲಿಯೇ ಸ್ಥಾಪಿಸಿದ್ದರು. 1959ರಲ್ಲಿ ಇಂಥ ಸಮಾಜಗಳ ಒಕ್ಕೂಟವೂ ಏರ್ಪಟ್ಟಿದ್ದಿತು. ಬೆಂಗಳೂರಿನ 'ಸುಚಿತ್ರ' 1971ರದು. ಆದರೆ ಇವೆಲ್ಲ ನಗರಗಳಲ್ಲಿ, ಇಂಗ್ಲಿಷ್ ಬಲ್ಲವರ ನಡುವೆ, ಅನೇಕ ವೇಳೆ ಕೇವಲ ಹೊರದೇಶದ ಚಿತ್ರಗಳ ಕುತೂಹಲದಿಂದ ಬೆಳೆದುವು. ಸದಸ್ಯರಿಗೆ ಮಾತ್ರ ತೋರಿಸುವ ಚಿತ್ರಗಳಿಗೆ ಪರಿಶೀಲನ ಮಂಡಳಿಯ ಕತ್ತರಿಯಿಂದ ವಿನಾಯಿತಿ ಇದ್ದುದರಿಂದ ಕೆಲವು ನಗರಗಳಲ್ಲಿ ಸದಸ್ಯಸಂಖ್ಯೆಯು ಕಲಾಪ್ರೇಮಕ್ಕೆ ಸಂಬಂಧವಿಲ್ಲದ ಕಾರಣಗಳಿಗಾಗಿ ಹೆಚ್ಚಿದುದೂ ಉಂಟೆಂದು ಬಲ್ಲವರು ನಗುತ್ತಾರೆ. ಅಡಕೆ ಸುಲಿಯುವವರೂ ಗದ್ದೆಯ ಕೆಲಸದವರೂ ಪ್ರೇಕ್ಷಕರಾಗಿರತಕ್ಕ ಚಿತ್ರಸಮಾಜವೆಂಬುದು ಹೆಗ್ಗೋಡಿಗೆ ಮೊದಲು ಯಾರ ಕಲ್ಪನೆಗೂ ಸುಲಭವಾಗಿ ಬರುವಂತಿರಲಿಲ್ಲ.

ಅಲ್ಲಿಗೆ ಚಿತ್ರ ತಲಪುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ, ಏಕೆಂದರೆ ಗುಂಡಿ ಒತ್ತಿದೊಡನೆ ಚಿತ್ರ ಮೂಡುವ ಈ ದಿನದಲ್ಲಿ ಅದು ಮರೆತುಹೋಗುತ್ತಿದೆ. ಆಗ ಚಿತ್ರಮಂದಿರಗಳ ಫಿಲ್ಮ್ ಪಟ್ಟಿಯು 35 ಮಿಲಿಮೀಟರ್ ಅಗಲದ್ದಾಗಿತ್ತು. ಅದು ನಿಮಿಷಕ್ಕೆ 90 ಅಡಿಯಂತೆ ಓಡುವುದರಿಂದ ಎರಡು ಗಂಟೆಯ ಚಿತ್ರವೆಂದರೆ 10,800 ಅಡಿಯ ಹೊರೆ. ಚಿತ್ರಸಮಾಜಗಳ ಜೀವನಾಡಿಯಾಗಿದ್ದುದು 16 ಮಿಲಿಮೀಟರಿನ ಪಟ್ಟಿ. ಅದು ನಿಮಿಷಕ್ಕೆ 36 ಅಡಿ ಮಾತ್ರ ಓಡುತ್ತದೆ, ಅದೇ ಚಿತ್ರವು 4,300 ಅಡಿಯಷ್ಟಕ್ಕೆ ಇಳಿದು, ತಗಡಿನ ಡಬ್ಬಿಗಳಲ್ಲಿ ಅಡಕವಾಗಿ, ರೈಲನ್ನೋ ಬಸ್ಸನ್ನೋ ಏರಿ ಹಳ್ಳಿಗೆ ಬರಬಲ್ಲದಾಗುತ್ತದೆ. ಅದನ್ನು ತೋರಿಸುವ ಪ್ರೊಜೆಕ್ಟರನ್ನು ಒಬ್ಬನೇ ಮನುಷ್ಯ ಎತ್ತಿ ಮೇಜಿನ ಮೇಲೆ ಇರಿಸಬಹುದು. ಆದರೆ ನಡೆಸುವುದಕ್ಕೆ ಕೈಗುಣ ಬೇಕು. ಹಲ್ಲುಗಾಲಿಗಳು ಪಟ್ಟಿಯನ್ನು ಒಂದೇ ಸಮನೆ ಎಳೆಯುತ್ತಿರುತ್ತವೆ. ದೀಪದ ಮುಂದಿನ ಕಿಂಡಿಯಲ್ಲಾದರೋ ಒಂದೊಂದು ಬಿಂಬವೂ ಕ್ಷಣಾಂಶ ಕಾಲ ನಿಶ್ಚಲವಾಗಿ ನಿಂತು ಮುಂದಕ್ಕೆ ಜಗ್ಗಬೇಕು, ಸೆಕೆಂಡಿಗೆ 24ರಂತೆ. ಈ ಎರಡು ವಿರುದ್ಧ ಗತಿಗಳ ನಡುವೆ ಪಟ್ಟಿ ಹರಿಯದಿರಲೆಂದು ಕಿಂಡಿಯ ಮೇಲೊಂದು ಕೆಳಗೊಂದು ಸಡಿಲವಾದ ಕುಣಿಕೆಯನ್ನು ಬಿಡಬೇಕು. ಆ ಕುಣಿಕೆ ತಪ್ಪಿತೋ, ತೆರೆಯ ಮೇಲಿನ ಮುಖಗಳು ನಡುಗಲಾರಂಭಿಸುತ್ತವೆ. ಬಿಂಬಕ್ಕಿಂತ 26 ಚೌಕ ಮುಂದೆ ಅಚ್ಚಾಗಿರುವ ಧ್ವನಿಯ ಪಟ್ಟಿಯು ತುಟಿಯ ಚಲನೆಗೆ ಹೊಂದದೆ ಹೋಗುತ್ತದೆ. 1,600 ಅಡಿಯ ಒಂದು ಸುರುಳಿ ಮುಗಿಯಲು ಮುಕ್ಕಾಲು ಗಂಟೆ. ಒಂದೇ ಯಂತ್ರವಿದ್ದಲ್ಲಿ ಸುರುಳಿ ಬದಲಾಯಿಸುವಾಗ ದೀಪ ಹತ್ತಲೇಬೇಕು, ಜನರು ಒಬ್ಬರ ಮುಖವನ್ನೊಬ್ಬರು ನೋಡಲೇಬೇಕು, ನೋಡಿದ ಮೇಲೆ ಮಾತನಾಡದಿರಲು ಆಗುವುದಿಲ್ಲ. ಚಿತ್ರರಸಿಕರು ಈ ವಿರಾಮವನ್ನು ರಸಭಂಗವೆಂದು ಹಳಿದರು. ನನ್ನ ಅಭಿಪ್ರಾಯದಲ್ಲಿ ಹಳ್ಳಿಯ ಪ್ರೇಕ್ಷಕನಿಗೆ ಆ ಐದು ನಿಮಿಷಗಳಷ್ಟು ಉಪಕಾರ ಮಾಡಿದ ಅಧ್ಯಾಪಕನು ಮತ್ತೊಬ್ಬನಿಲ್ಲ.

ಡಬ್ಬಿಗಳು ಬರುತ್ತಿದ್ದುದು ಬಹುಮಟ್ಟಿಗೆ ಪುಣೆಯಿಂದ. 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು, ಸಂಗ್ರಹಿಸಿದುದನ್ನು ಬೀಗ ಹಾಕಿ ಕಾಯುವುದಷ್ಟೇ ತಮ್ಮ ಧರ್ಮವೆಂದು ತಿಳಿಯದೆ, ಅದನ್ನು ದೂರದೂರದ ಊರುಗಳಿಗೆ ಕಳುಹಿಸಿಕೊಟ್ಟರು. ಹೆಗ್ಗೋಡು ಅಂಥ ಊರುಗಳಲ್ಲಿ ಅವರಿಗೆ ಅತ್ಯಂತ ಪ್ರಿಯವಾದುದಾಯಿತು. ಅದೇ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ರಸಗ್ರಹಣದ ಪ್ರಾಧ್ಯಾಪಕರಾಗಿದ್ದ ಸತೀಶ್ ಬಹಾದುರರು, ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು, 'ಪಥೇರ್ ಪಾಂಚಾಲಿ'ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುವುದರಲ್ಲಿ ಎಣೆಯಿಲ್ಲದವರೆನಿಸಿದ್ದರು. ಇಂಥವರ ನೆರವಿನಿಂದ ಎಪ್ಪತ್ತರ ದಶಕದ ಕೊನೆಗೆ ಹೆಗ್ಗೋಡಿನಲ್ಲಿ ಚಿತ್ರ ರಸಗ್ರಹಣ ಶಿಬಿರಗಳು ಮೊದಲಾದುವು. ಹಗಲು ಪಾಠ, ಇರುಳು ಚಿತ್ರ, ಪಾಠವೆಲ್ಲ ಕನ್ನಡದಲ್ಲಿ. ಅಡಕೆಗೆ ಔಷಧಿ ಹೊಡೆದು ಬಂದವನೂ ಸಾಗರದ ಶಾಲಾಮಾಸ್ತರನೂ ಒಂದೇ ಚಾಪೆಯ ಮೇಲೆ ಕುಳಿತು, ಕ್ಯಾಮರಾ ಎತ್ತರದಿಂದ ನೋಡಿದರೆ ಮನುಷ್ಯ ಏಕೆ ಕುಗ್ಗಿ ಕಾಣುತ್ತಾನೆಂದು ತರ್ಕಿಸುವುದು ಸಾಧ್ಯವಾದುದು ಆಗ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜಪಾನೀ ಭಾಷೆಯ ಚಿತ್ರವನ್ನು ಇಂಗ್ಲಿಷಿನ ಅಡಿಬರಹದೊಡನೆ ಕನ್ನಡದ ರೈತನಿಗೆ ತೋರಿಸುವುದು ಹುಚ್ಚುಸಾಹಸವೆಂದು ಯಾರಿಗಾದರೂ ತೋರದಿರದು. ಆದರೆ ನಮ್ಮ ನಾಡಿನಲ್ಲಿ ಇದಕ್ಕೆ ಪೂರ್ವಪದ್ಧತಿ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಕುಮಾರವ್ಯಾಸನ ನಡುಗನ್ನಡವನ್ನು ಅಕ್ಷರಬಾರದ ಒಕ್ಕಲು ಶತಮಾನಗಳ ಕಾಲ ಕೇಳಿ ಸವಿದುದು ಹೇಗೆ? ಗಮಕಿ ಓದಿದನು, ವ್ಯಾಖ್ಯಾನಕಾರನು ಬಿಡಿಸಿದನು, ಕೇಳುವವನು ಎರಡರ ನಡುವೆ ತನ್ನದೊಂದು ಮೂರನೆಯ ಅರ್ಥವನ್ನು ಕಟ್ಟಿಕೊಂಡನು. ಚಿತ್ರದ ಮೊದಲು ಅದರ ಕಥಾಸೂತ್ರವನ್ನು ಕನ್ನಡದಲ್ಲಿ ಹೇಳಿ, ಮುಗಿದ ಮೇಲೆ ಚರ್ಚೆಗೆ ಬಿಡತಕ್ಕ ಕ್ರಮವು ಇದೇ ಗಮಕವ್ಯಾಖ್ಯಾನದ ದಾಯಾದಿ. ಕೇಂದ್ರವು ಒದಗಿಸಬೇಕಾದುದು ಯಂತ್ರಕ್ಕಿಂತ ಮೊದಲು ಈ ವ್ಯಾಖ್ಯಾನಕಾರನನ್ನು. ಅವನು ಹೆಚ್ಚು ಮಾತನಾಡಿದರೆ ಚಿತ್ರ ಸಾಯುತ್ತದೆ, ಮಾತೇ ಆಡದಿದ್ದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ. ಆ ಹದವನ್ನು ಕಲಿಸುವ ಶಾಲೆ ಇನ್ನೂ ಎಲ್ಲಿಯೂ ಆಗಿಲ್ಲ.

ಕುರೊಸಾವನ 'ರಾಶೊಮನ್', ಡಿ ಸೀಕಾನ 'ಬೈಸಿಕಲ್ ಥೀವ್ಸ್', ರಾಯ್ ಅವರ 'ಪಥೇರ್ ಪಾಂಚಾಲಿ' ಇವೆಲ್ಲ ಹೆಗ್ಗೋಡಿನ ತೆರೆಯನ್ನು ಹಾದುಹೋದುವು. 'ರಾಶೊಮನ್' ಚಿತ್ರದಲ್ಲಿ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಯಾವುದು ನಿಜವೆಂದು ನಿರ್ದೇಶಕನು ಹೇಳುವುದಿಲ್ಲ. ಇದು ನಗರದ ವಿಮರ್ಶಕನಿಗೆ ಸತ್ಯದ ಸಾಪೇಕ್ಷತೆಯ ಗಹನವಾದ ಸಮಸ್ಯೆ. ಬದುವಿನ ಜಗಳದ ಪಂಚಾಯಿತಿಯಲ್ಲಿ ಕಂಬಳಿಯ ಮೇಲೆ ಕುಳಿತು, ಸಾಕ್ಷಿಗಳು ಪ್ರಮಾಣಮಾಡಿ ಪರಸ್ಪರ ವಿರುದ್ಧವಾದುದನ್ನು ಹೇಳುವುದನ್ನು ಕೇಳಿದ ಮನುಷ್ಯನಿಗೆ ಅದರಲ್ಲಿ ಅಪರಿಚಿತವಾದುದು ಬಟ್ಟೆಬರೆಯೊಂದೇ. ಹಳ್ಳಿಗನಿಗೆ ಕಠಿನವಾದ ಚಿತ್ರ ತಿಳಿಯದೆಂಬ ವಾದವು ಹಳ್ಳಿಗನ ಜೀವನ ಸರಳವೆಂಬ ಮತ್ತೊಂದು ಅಜ್ಞಾನದಿಂದ ಹುಟ್ಟಿದುದು. ನಾಯರ್ ಅವರ ಜೀವನವನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು 2012ರಲ್ಲಿ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಗ್ರಾಮಸ್ಥರು ತಾವು ದಶಕಗಳ ಹಿಂದೆ ಕಂಡ ಈ ಚಿತ್ರಗಳನ್ನು ನೆನೆಯುವ ಭಾಗವೊಂದಿದೆ. ಅವರು ಅವುಗಳನ್ನು ನೆನೆಯುವುದು ಪರೀಕ್ಷೆಗೆ ಓದಿದವರ ಹಾಗಲ್ಲ, ನೆಂಟರ ಮನೆಯ ಸುದ್ದಿ ಹೇಳುವವರ ಹಾಗೆ.

1983ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕೈಗೊಂಡ 'ಜನಸ್ಪಂದನ' ಯೋಜನೆಯು ನಾಟಕವನ್ನೂ ಚಿತ್ರವನ್ನೂ ಹೆಗ್ಗೋಡಿನ ಎಲ್ಲೆಯಿಂದಾಚೆಗೆ, ನಾಡಿನ ಅನೇಕ ಊರುಗಳಿಗೆ ಒಯ್ದಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದರ ಪ್ರಶಂಸೆಯ ಮಾತಿನಲ್ಲಿ ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತಂದುದನ್ನು ಮೊದಲು ಹೇಳಿ, ರಂಗಭೂಮಿಯ ಸೇವೆಯನ್ನು ಅನಂತರ ಹೇಳಲಾಗಿತ್ತು. ಇಂದು ನೀನಾಸಮ್ ಎಂದೊಡನೆ ನಾಟಕವನ್ನಷ್ಟೆ ನೆನೆಯುವವರು ಈ ಕ್ರಮವನ್ನು ಕಂಡು ಅಚ್ಚರಿಪಡುವುದುಂಟು.

ಹಾಗೆ ಅಚ್ಚರಿಪಡುವುದಕ್ಕೆ ಕಾರಣವೂ ಇದೆ. ಮುಖಸ್ತುತಿ ಮಾತ್ರ ಮಾಡಿದರೆ ಆ ಹಿರಿಯರಿಗೆ ನಾವು ಸಲ್ಲಿಸುವುದು ಗೌರವವಾಗುವುದಿಲ್ಲವಾದುದರಿಂದ ಇದನ್ನೂ ಹೇಳುತ್ತೇನೆ. 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ಊರೂರು ಸುತ್ತುವ 'ತಿರುಗಾಟ'ವೂ ಆರಂಭವಾದ ಮೇಲೆ ಸಂಸ್ಥೆಯ ಬಲವೆಲ್ಲ ಸಹಜವಾಗಿಯೇ ನಾಟಕದ ಕಡೆಗೆ ಹರಿಯಿತು. ರಸಗ್ರಹಣ ಶಿಬಿರವು ತೊಂಬತ್ತರ ದಶಕದಲ್ಲಿ ಸಂಸ್ಕೃತಿ ಶಿಬಿರವಾಗಿ ವಿಸ್ತರಿಸಿ, ಚಿತ್ರವು ಅದರ ಹಲವು ಅಂಗಗಳಲ್ಲಿ ಒಂದಾಯಿತು. ವಿಡಿಯೋ ಕ್ಯಾಸೆಟ್ಟು ಬಂದುದರಿಂದ 16 ಮಿಲಿಮೀಟರಿನ ಕಾಲವೂ ಮುಗಿಯುತ್ತ ಬಂದಿತು. ಆದರೆ ಇವು ಹೊರಗಣ ಕಾರಣಗಳು. ಒಳಗಣ ಕಾರಣ ಬೇರೆ: ನಾಟಕವನ್ನು ಹೆಗ್ಗೋಡು ನೋಡುತ್ತಿದ್ದಿತು, ಮಾಡುತ್ತಲೂ ಇದ್ದಿತು, ಚಿತ್ರವನ್ನು ನೋಡಿತೇ ಹೊರತು ಮಾಡಲಿಲ್ಲ. ಸುಬ್ಬಣ್ಣನವರ ಸೋದರಳಿಯನೇ ಆದ ಕಾಸರವಳ್ಳಿಯವರು 'ಘಟಶ್ರಾದ್ಧ'ದಿಂದ (1977) ಆರಂಭಿಸಿ 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ'ಗಳವರೆಗೆ ನಾಲ್ಕು ಬಾರಿ ಸ್ವರ್ಣಕಮಲವನ್ನು ತಂದರೂ, ಅವರ ವಿದ್ಯಾಭ್ಯಾಸ ನಡೆದುದು ಪುಣೆಯಲ್ಲಿ. ತೋರಿಸುವ ಕೇಂದ್ರಕ್ಕೂ ಮಾಡುವ ಕೈಗಳಿಗೂ ಸೇತುವೆ ಕಟ್ಟದಿದ್ದರೆ, ತೋರಿಸುವ ಕೆಲಸವು ಅದನ್ನು ಆರಂಭಿಸಿದ ವ್ಯಕ್ತಿಯ ಉತ್ಸಾಹದಷ್ಟೇ ಆಯುಷ್ಯವನ್ನು ಪಡೆಯುತ್ತದೆ.

ಈ ಮಾತಿನ ಸತ್ಯವನ್ನು ತಿಳಿಯಲು ನಾವು ಸಾಗರದವರೆಗೆ ಹೋಗಬೇಕಾಗಿಲ್ಲ. ರುದ್ರಪಟ್ಟಣವನ್ನು ನೋಡಿ. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರು ಪದ್ಮಭೂಷಣರಾದರು. ರುದ್ರಪಟ್ಟಣ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರೂ, ತಂಬೂರಿಯ ಆಕಾರದ ಸಂಗೀತಮಂದಿರವನ್ನು ಆ ಊರಿನಲ್ಲಿ ನಿರ್ಮಿಸಿದ ಆರ್. ಕೆ. ಪದ್ಮನಾಭರೂ ಅದೇ ಮಣ್ಣಿನವರು. ಒಂದು ಹಳ್ಳಿ ಇಷ್ಟು ಮಂದಿ ವಿದ್ವಾಂಸರನ್ನು ಕೊಟ್ಟುದನ್ನು ಕಾವೇರಿಯ ನೀರಿನ ಮಹಿಮೆಯೆಂದು ಹೇಳುವವರಿದ್ದಾರೆ. ಅದೇ ನೀರನ್ನು ಕುಡಿಯುವ ಉಳಿದ ಊರುಗಳವರು ಏನು ಪಾಪ ಮಾಡಿದರೋ ತಿಳಿಯದು. ನನಗೆ ತೋರುವ ಕಾರಣ ಸಾಮಾನ್ಯವಾದುದು. ಅಲ್ಲಿ ಮನೆಯ ಜಗಲಿಯಲ್ಲಿ ಪಾಠ ನಡೆಯುತ್ತಿದ್ದಿತು. ಒಳಗೆ ಅಕ್ಕಿ ಆರಿಸುವ ಹೆಂಗಸಿನ ಕಿವಿಗೆ ಅದು ದಿನವೂ ಬೀಳುತ್ತಿದ್ದಿತು. ಹಾಡುವವನ ತಪ್ಪನ್ನು ಗುರುವಿಗಿಂತ ಮೊದಲು ಅಡುಗೆಮನೆ ಹಿಡಿಯುತ್ತಿದ್ದಿತು. ಕೇಳುವ ಊರಿನಲ್ಲಿ ಹಾಡುವವನು ಹುಟ್ಟುತ್ತಾನೆ, ಹಾಡುವವನಿದ್ದಲ್ಲಿ ಕೇಳುವವನು ಬಲಿಯುತ್ತಾನೆ. ಇದರಲ್ಲಿ ಮೊದಲು ಯಾವುದೆಂದು ಹುಡುಕುವುದು ವ್ಯರ್ಥ, ಒಂದನ್ನು ಬಿಟ್ಟು ಮತ್ತೊಂದನ್ನು ಬೆಳೆಸುವುದು ಅಶಕ್ಯ.

ಚಿತ್ರವನ್ನು ಮಾಡುವ ಕೈಗಳೇನೋ ಈಗ ಹಳ್ಳಿಗಳಿಂದಲೇ ಬರತೊಡಗಿವೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಸೀಮೆಯ ಜನರನ್ನೇ ಪಾತ್ರಗಳನ್ನಾಗಿ ಮಾಡಿ ರಾಮ್ ರೆಡ್ಡಿಯವರು ತೆಗೆದ 'ತಿಥಿ'ಯು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಪಡೆಯಿತು. ಕೊಪ್ಪಳ ಸೀಮೆಯ ಹಳ್ಳಿಯೊಂದರ ಹೆಸರನ್ನೇ ಹೊತ್ತ, ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ಕೊರಿಯಾದ ಬುಸಾನಿನಲ್ಲಿ ಪುರಸ್ಕೃತವಾಯಿತು. ಕೋಳಿಯನ್ನು ಕದ್ದ ಅಜ್ಜಿಯ ಜನಪದ ಕಥೆಯನ್ನು ಆಧರಿಸಿ ಚಿದಾನಂದ ಎಸ್. ನಾಯ್ಕ ಅವರು ಮಾಡಿದ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿವಿಭಾಗದ ಪ್ರಥಮ ಬಹುಮಾನ ಬಂದಿತು; ಅದೇ ವರ್ಷ ಜೀರ್ಣೋದ್ಧಾರಗೊಂಡ 'ಘಟಶ್ರಾದ್ಧ'ವು ವೆನಿಸ್ಸಿನಲ್ಲಿ ಪ್ರದರ್ಶಿತವಾಯಿತು. ಲೊಕಾರ್ನೊ, ಬುಸಾನ್, ಕಾನ್, ವೆನಿಸ್! ನಮ್ಮ ಹಿತ್ತಿಲಿನ ಕೋಳಿಯನ್ನು ಕಾಣಲು ಫ್ರಾನ್ಸಿನವನಿಗೆ ಇರುವ ಅನುಕೂಲ ಅರಕಲಗೂಡಿನವನಿಗೆ ಇಲ್ಲ.

ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆಯಲ್ಲ, ಕೇಂದ್ರವೇಕೆ, ಸಭೆಯೇಕೆ ಎಂದು ತರುಣ ಮಿತ್ರರು ಕೇಳುತ್ತಾರೆ. ಸಿಗುತ್ತದೆಂಬುದು ಅರ್ಧಸತ್ಯ, ಹುಡುಕಬಲ್ಲವನಿಗೆ ಸಿಗುತ್ತದೆ, ಮತ್ತು ಏನನ್ನು ಹುಡುಕಬೇಕೆಂದು ಮೊದಲೇ ಬಲ್ಲವನಿಗೆ ಮಾತ್ರ. ಅದಕ್ಕಿಂತ ಮುಖ್ಯವಾಗಿ, ನಿಧಾನಗತಿಯ ಚಿತ್ರವನ್ನು ಒಬ್ಬನೇ ಅಂಗೈಯಲ್ಲಿ ಹಿಡಿದು ನೋಡುವವನು ಮೊದಲ ಬೇಸರಕ್ಕೇ ಬೆರಳಾಡಿಸಿ ಮುಂದಕ್ಕೆ ಹೋಗುತ್ತಾನೆ. ಪಕ್ಕದಲ್ಲಿ ಚಿಕ್ಕಪ್ಪ ಕುಳಿತಿರುವಾಗ, ಹಿಂದಿನ ಸಾಲಿನಲ್ಲಿ ಮೇಷ್ಟರಿರುವಾಗ, ಎದ್ದು ಹೋಗಲು ಸಂಕೋಚಪಟ್ಟು ಆ ಬೇಸರದ ಹತ್ತು ನಿಮಿಷವನ್ನು ದಾಟುತ್ತಾನೆ. ದಾಟಿದ ಮೇಲೆಯೇ ಅಂಥ ಚಿತ್ರ ತೆರೆದುಕೊಳ್ಳುವುದು. ಟೆಂಟ್ ಸಿನಿಮಾದ ಕಾಲದವರು ಇದನ್ನು ಬಲ್ಲರು: ತಿರುಪತಿಯ ವೆಂಕಟೇಶನನ್ನು ಕುರಿತ ಘಂಟಸಾಲರ ಹಾಡು ಧ್ವನಿವರ್ಧಕದಲ್ಲಿ ಎದ್ದೊಡನೆ ಕೈಗೆ ಸಿಕ್ಕ ಕೆಲಸವನ್ನು ಬಿಟ್ಟು ಓಡಿ, ನೆಲದ ಟಿಕೇಟು ಕೊಂಡು, ಮರಳನ್ನು ಗುಡ್ಡೆಮಾಡಿ ಅದರ ಮೇಲೆ ಕುಳಿತವರು ನೋಡುತ್ತಿದ್ದುದು ಚಿತ್ರವನ್ನು ಮಾತ್ರವಲ್ಲ, ಚಿತ್ರವನ್ನು ನೋಡುತ್ತಿದ್ದ ತಮ್ಮ ಊರನ್ನು. ಸಂಕೋಚ, ದಾಕ್ಷಿಣ್ಯ, ಪಿಸುಮಾತು, ಇವು ರಸಾಸ್ವಾದದ ಶತ್ರುಗಳೆಂದು ಪುಸ್ತಕಗಳು ಹೇಳಬಹುದು. ಹಳ್ಳಿಯಲ್ಲಿ ಇವೇ ಅದರ ಆಧಾರ.

ಕೊಣನೂರಿಗೆ ಆದುದರಿಂದ ನಾನು ಕೋರುವುದು ದೊಡ್ಡ ಭವನವನ್ನಲ್ಲ. ಭವನಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವುಗಳ ಬಾಗಿಲು ಮದುವೆಗೂ ಪ್ರತಿಭಾಪುರಸ್ಕಾರಕ್ಕೂ ಮಾತ್ರ ತೆರೆಯುವುದು ನಮ್ಮ ಅಭ್ಯಾಸ. ಬಿಳಿಯ ಬಟ್ಟೆ, ಒಂದು ಡಿಜಿಟಲ್ ಪ್ರೊಜೆಕ್ಟರು, ಸಹನೀಯವಾದ ಎರಡು ಸ್ಪೀಕರುಗಳು, ಕತ್ತಲೆಯಾಗಬಲ್ಲ ಒಂದು ಶಾಲೆಯ ಹಜಾರ, ಇವಿಷ್ಟು ಈ ಊರಿನ ಶಕ್ತಿಗೆ ಮೀರಿದುದಲ್ಲ. ಕಾಲದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಆಷಾಢದಿಂದ ಮೂರು ತಿಂಗಳು ಹೊಗೆಸೊಪ್ಪಿನ ಮನೆಗಳಲ್ಲಿ ಯಾರಿಗೂ ಬಿಡುವಿಲ್ಲ. ಬ್ಯಾರನ್ನಿನ ಒಲೆಗೆ ಸೌದೆ ಹಾಕಿ, ಕಾವು ಏರದಂತೆ ಇಳಿಯದಂತೆ ರಾತ್ರಿಯೆಲ್ಲ ಕಾಯುವವನು ಕುರೊಸಾವನ ಮೇಲೆ ಗೌರವವಿದ್ದರೂ ಬರಲಾರನು. ರಾಮನಾಥಪುರದ ಸುಬ್ರಹ್ಮಣ್ಯನ ಷಷ್ಠಿಯ ತೇರು ಮುಗಿದು, ಸೊಪ್ಪಿನ ಹರಾಜಿನಿಂದ ಕೈಗೆ ನಾಲ್ಕು ಕಾಸು ಬಂದ ಮೇಲೆ, ಪುಷ್ಯದಿಂದ ಚೈತ್ರದವರೆಗೆ ತಿಂಗಳಿಗೊಂದು ಶನಿವಾರ ಸಾಕು. ಶಾಲೆಯ ಪರೀಕ್ಷೆಗಳ ವಾರವನ್ನು ಬಿಟ್ಟರೆ ಆಯಿತು.

ಯಾವ ಚಿತ್ರದಿಂದ ಆರಂಭಿಸಬೇಕು? ಉತ್ಸಾಹಿಗಳು ಬರ್ಗ್‌ಮನ್ನನಿಂದ ಆರಂಭಿಸಿ ಎರಡನೆಯ ಶನಿವಾರಕ್ಕೆ ಬರಿಯ ಕುರ್ಚಿಗಳನ್ನು ಎಣಿಸುವುದನ್ನು ನಾನು ಬಲ್ಲೆ. ಮೊದಲನೆಯದು ಎಲ್ಲರೂ ಬಲ್ಲ 'ಭೂತಯ್ಯನ ಮಗ ಅಯ್ಯು' ಆಗಲಿ. ಅದನ್ನು ಈ ಬಾರಿ ಗೊರೂರರ ಕಥೆಯೊಡನೆ ಓದಿಕೊಂಡು, ಕಥೆಯಲ್ಲಿ ಇಲ್ಲದುದನ್ನು ಚಿತ್ರ ಏಕೆ ಸೇರಿಸಿತೆಂದು ಕೇಳುವ ಒಬ್ಬ ಮೇಷ್ಟರು ಎದುರಿಗಿರಲಿ. ಎರಡನೆಯದು 'ವಂಶವೃಕ್ಷ', ಮೂರನೆಯದು 'ತಿಥಿ'. ಅದರ ಬೈಗುಳಗಳಿಗೆ ಹಿರಿಯರು ಹುಬ್ಬು ಗಂಟಿಕ್ಕಿದರೂ ನಗು ತಡೆಯಲಾರರು. 'ನಾಯಿ ನೆರಳು' ಅಷ್ಟರಲ್ಲಿ ಬರಬಹುದು. ಕಾದಂಬರಿಯಲ್ಲಿ ಪುನರ್ಜನ್ಮದ ಪ್ರಶ್ನೆಯಾಗಿದ್ದುದನ್ನು ಕಾಸರವಳ್ಳಿಯವರು ವೆಂಕುವೆಂಬ ಹೆಂಗಸಿನ ಪ್ರಶ್ನೆಯಾಗಿ ತಿರುಗಿಸಿದುದು ಸರಿಯೆ ಎಂಬ ವಾದವನ್ನು ಭೈರಪ್ಪನವರ ಜಿಲ್ಲೆಯಲ್ಲದೆ ಮತ್ತೆಲ್ಲಿ ಹೂಡಬೇಕು? ಅನಂತರ 'ಪಥೇರ್ ಪಾಂಚಾಲಿ'. ಚಿತ್ರ ತೆಗೆದ ತರುಣರನ್ನು, ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಇರುವವರನ್ನು, ಬಸ್ಸಿನ ಖರ್ಚು ಕೊಟ್ಟು ಕರೆಸಿರಿ; ನಮ್ಮ ಹೈಸ್ಕೂಲಿನ ಹುಡುಗರು ಅವರೊಡನೆ ಎರಡು ದಿನ ತೂಗುಸೇತುವೆಯ ಬಳಿ ಕ್ಯಾಮರಾ ಹಿಡಿದು ತಿರುಗಲಿ, ಕಟ್ಟೇಪುರದ ನಾಲೆಯ ನೀರಗಂಟಿಯನ್ನೋ ಸಂತೆಯ ಬಳೆಗಾರನನ್ನೋ ಐದು ನಿಮಿಷ ಚಿತ್ರಿಸಿ, ಮುಂದಿನ ಶನಿವಾರ ಅದೇ ತೆರೆಯ ಮೇಲೆ ತೋರಿಸಲಿ. ಹೆಗ್ಗೋಡಿನಲ್ಲಿ ಕಟ್ಟದೆ ಉಳಿದ ಸೇತುವೆಯ ಮಾತನ್ನು ಆಗಲೇ ಹೇಳಿದೆನಲ್ಲ, ಅದಕ್ಕೆ ಇಷ್ಟು ಸಣ್ಣ ಆರಂಭ ಸಾಕು.

ಒಂದು ವಿಚಾರದಲ್ಲಿ ಮಾತ್ರ ಜಿಪುಣತನ ಕೂಡದು. ಚಿತ್ರವನ್ನು ಅಂತರ್ಜಾಲದಿಂದ ಕದ್ದಿಳಿಸಿ ತೋರಿಸುವುದು ಸುಲಭ. ಆದರೆ ಸಾಲ ಮಾಡಿ ಚಿತ್ರ ತೆಗೆದವನ ಹೊಟ್ಟೆಯ ಮೇಲೆ ಹೊಡೆದು ಅವನ ಕಲೆಯನ್ನು ಉದ್ಧರಿಸುತ್ತೇವೆಂಬುದು ನಗೆಪಾಟಲು. ನಿರ್ಮಾಪಕನಿಗೆ ಪತ್ರ ಬರೆದು ಅನುಮತಿ ಪಡೆದು, ನಮ್ಮ ಕೈಲಾದ ಗೌರವಧನವನ್ನು ಮುಂಚಿತವಾಗಿ ಕಳುಹಿಸಬೇಕು. ಪ್ರವೇಶಕ್ಕೆ ಸಣ್ಣದಾದರೂ ಒಂದು ಟಿಕೇಟಿನ ಬೆಲೆ ಇಡಬೇಕು, ಬಿಟ್ಟಿಯಾಗಿ ಸಿಕ್ಕುದನ್ನು ನಮ್ಮ ಜನ ಅರ್ಧಕ್ಕೆ ಬಿಟ್ಟೇಳುತ್ತಾರೆ. ಈ ಉಪನ್ಯಾಸಕ್ಕೆಂದು ದತ್ತಿಯ ಬಡ್ಡಿಯಲ್ಲಿ ತೆಗೆದಿರಿಸಿದ ಸಂಭಾವನೆಯನ್ನು ಮೊದಲ ಶನಿವಾರದ ಗೌರವಧನಕ್ಕೆ ಬಳಸಿಕೊಳ್ಳಬೇಕೆಂದು ಈ ಸಭೆಯ ಅಧ್ಯಕ್ಷರಲ್ಲಿ ಈಗಾಗಲೇ ವಿನಂತಿಸಿದ್ದೇನೆ, ಅವರು ಒಪ್ಪಿದ್ದಾರೆ. ಎರಡನೆಯ ಶನಿವಾರದ ಹಣವನ್ನು ತಾವು ಕೂಡಿಸಬೇಕು.